ಸೈಟ್ ಇಂಜಿನಿಯರ್ ಸಂದರ್ಶನಕ್ಕೆ ಹೊರಟವರಿಗೆ

ಸಿವಿಲ್ ಮುಗಿಸಿ ಮೊದಲ ಸಲ ಸಂದರ್ಶನಕ್ಕೆ ಹೊರಟವರು ಎಂಟೂ ಸೆಮಿಸ್ಟರಿನ ಪುಸ್ತಕ ತಿರುವಿಹಾಕುವುದನ್ನು ನೋಡಿದ್ದೇನೆ. ಅಷ್ಟು ಬೇಕಿಲ್ಲ. ನಿಮ್ಮೆದುರು ಕೂರುವವರು ಹೆಚ್ಚಾಗಿ ಸೈಟಿನಲ್ಲೇ ಪಳಗಿದವರು. ನಾಳೆ ಬೆಳಿಗ್ಗೆ ಸ್ಲ್ಯಾಬ್ ಕಾಂಕ್ರೀಟ್ ಇದೆ, ಇವರನ್ನು ನಂಬಿ ಅಲ್ಲಿ ಬಿಡಬಹುದೇ ಎಂದು ಅವರು ಅಳೆಯುತ್ತಿರುತ್ತಾರೆ.

ಮೊದಲು ರೆಸ್ಯೂಮೆ ಸರಿಮಾಡಿಕೊಳ್ಳಿ. ಬರೆದ ಒಂದೊಂದು ಸಾಲಿಗೂ ಪ್ರಶ್ನೆ ಬರುತ್ತದೆ. ‘ಆಟೋಕ್ಯಾಡ್ ಬಲ್ಲೆ’ ಎಂದಿದ್ದರೆ ಕಂಪ್ಯೂಟರ್ ಮುಂದೆ ಕೂರಿಸಿಯಾರು. ಕೊನೆಯ ವರ್ಷದ ಪ್ರಾಜೆಕ್ಟನ್ನು ನಾಲ್ವರು ಸೇರಿ ಮಾಡಿದ್ದರೆ, ಅದರಲ್ಲಿ ನಿಮ್ಮ ಕೈಯಿಂದ ಆದದ್ದು ಯಾವುದು ಎಂಬುದನ್ನಷ್ಟೇ ಹೇಳಿ.

ಆಮೇಲೆ ಲೆಕ್ಕ. ಕಂಬಿಯ ತೂಕ ತಪ್ಪದೆ ಬರುವ ಪ್ರಶ್ನೆ: ಎಂಎಂ ಲೆಕ್ಕದ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕಿಲೋ ಎಂದು ಸಿಗುತ್ತದೆ. 12 ಎಂಎಂ ಕಂಬಿಗೆ ಸುಮಾರು 0.89 ಕಿಲೋ, 12 ಮೀಟರ್ ಉದ್ದದ ಒಂದು ಕಂಬಿ ಹತ್ತೂವರೆ ಕಿಲೋ ದಾಟುತ್ತದೆ. ಎಂ20 ಎಂದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 20 ನ್ಯೂಟನ್ ತಾಳುವ ಕಾಂಕ್ರೀಟ್. ಅದನ್ನು 150 ಎಂಎಂ ಕ್ಯೂಬಿನಲ್ಲಿ ಪರೀಕ್ಷಿಸುತ್ತಾರೆ. ಕವರ್, ಅಂದರೆ ಕಂಬಿಯ ಹೊರಗೆ ಇರಬೇಕಾದ ಕಾಂಕ್ರೀಟಿನ ದಪ್ಪ, ಕೇಳಿದರೆ ಸಾಮಾನ್ಯ ಪರಿಸರದ ಸ್ಲ್ಯಾಬಿಗೆ 20, ಕಾಲಂಗೆ 40, ತಳಪಾಯದ ಫೂಟಿಂಗಿಗೆ 50 ಎಂಎಂ. ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವ ವಿಷಯದಲ್ಲಿ ಎಚ್ಚರ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456:2000 ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿಯಂಥ ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ. 28 ದಿನದ ಶಕ್ತಿಯನ್ನೂ ಕ್ಯೂರಿಂಗಿನ ಅವಧಿಯನ್ನೂ ಒಂದೇ ಎಂದುಕೊಂಡು ಉತ್ತರಿಸುವವರು ಬಹಳ.

ಬಾಯಿಪಾಠ ಇಲ್ಲಿಗೆ ಮುಗಿಯಿತು. ನಿಜವಾದ ಸಂದರ್ಶನ ಶುರುವಾಗುವುದು ಇಂಥ ಪ್ರಶ್ನೆಯಿಂದ: ‘ರೆಡಿಮಿಕ್ಸ್ ಲಾರಿ ತಡವಾಗಿ ಬಂದಿದೆ, ಮಾಲು ಗಟ್ಟಿಯಾಗುತ್ತಿದೆ. ನೀರು ಹಾಕಿ ಬಿಡಿ ಸಾರ್ ಎನ್ನುತ್ತಾನೆ ಮೇಸ್ತ್ರಿ. ಏನು ಮಾಡುತ್ತೀರಿ?’

ಬರೀ ‘ಹಾಕಬಾರದು’ ಎಂದರೆ ಅರ್ಧ ಉತ್ತರ. ನೀರು ಹೆಚ್ಚಾದರೆ ನೀರು–ಸಿಮೆಂಟ್ ಅನುಪಾತ ಕೆಟ್ಟು ಶಕ್ತಿ ಕುಗ್ಗುತ್ತದೆ ಎಂಬ ಕಾರಣ ಹೇಳಿ. ಚಲನ್‌ನಲ್ಲಿ ಲಾರಿ ಪ್ಲಾಂಟ್ ಬಿಟ್ಟ ಸಮಯ ನೋಡುತ್ತೇನೆ, ಮಾಲು ಎಷ್ಟು ಸಡಿಲವಾಗಿದೆ ಎಂದು ತಿಳಿಯಲು ಸ್ಲಂಪ್ ಪರೀಕ್ಷೆ ಮಾಡುತ್ತೇನೆ, ಪ್ಲಾಂಟಿನವರಿಗೂ ನನ್ನ ಸೀನಿಯರಿಗೂ ಫೋನ್ ಮಾಡುತ್ತೇನೆ, ಸರಿಬರದಿದ್ದರೆ ಲಾರಿ ವಾಪಸ್ ಕಳಿಸುತ್ತೇನೆ ಎಂದು ಹೆಜ್ಜೆಹೆಜ್ಜೆಯಾಗಿ ಹೇಳಿ. ನಿಮ್ಮಿಂದ ಅವರಿಗೆ ಬೇಕಿರುವುದು ಈ ಸರಣಿಯೇ. ಕಾಂಕ್ರೀಟಿಗೆ ಆಧಾರ ಕೊಟ್ಟ ಸೆಂಟ್ರಿಂಗ್ ಯಾವಾಗ ಬಿಚ್ಚಬೇಕು, ಕವರ್ ಉಳಿಸುವ ಕವರ್ ಬ್ಲಾಕ್ ಇಡದೆ ಕಂಬಿ ಕಟ್ಟಿದ್ದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗಳೂ ಇದೇ ಜಾತಿಯವು.

ಉತ್ತರ ಹೊಳೆಯದಿದ್ದರೆ ‘ಗೊತ್ತಿಲ್ಲ ಸಾರ್, ಡ್ರಾಯಿಂಗ್ ನೋಡಿ, ಕೇಳಿ ತಿಳಿದುಕೊಳ್ಳುತ್ತೇನೆ’ ಎನ್ನಿ. ಇದರಿಂದ ಯಾರೂ ಕೆಲಸ ಕಳೆದುಕೊಳ್ಳುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ಆದರೆ ಊಹಿಸಿ ಹೇಳಿದ ಅಳತೆ ಸೈಟಿನಲ್ಲಿ ಜನರ ತಲೆಯ ಮೇಲೆ ಬೀಳಬಹುದು. ಅನುಭವಸ್ಥರಿಗೆ ಅದು ಚೆನ್ನಾಗಿ ಗೊತ್ತು.

ಹೊರಡುವ ಮೊದಲು ಮನೆ ಹತ್ತಿರ ಕಟ್ಟುತ್ತಿರುವ ಕಟ್ಟಡಕ್ಕೆ ಅನುಮತಿ ಕೇಳಿ ಎರಡು ದಿನ ಹೋಗಿಬನ್ನಿ. ಕಂಬಿ ಕಟ್ಟುವವರ ಜೊತೆ ಮಾತಾಡಿ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ, ಪುಸ್ತಕದ ‘ಸ್ಟಿರಪ್’ ಅಲ್ಲಿ ‘ರಿಂಗ್’ ಆಗಿರುತ್ತದೆ. ಈ ಭಾಷೆ ಬಂದವರ ಉತ್ತರದ ದನಿಯೇ ಬೇರೆ.

ಕೊನೆಗೆ ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ’ ಎಂದಾಗ ಸುಮ್ಮನಿರಬೇಡಿ. ಕೆಲಸ ಯಾವ ಹಂತದಲ್ಲಿದೆ, ಯಾರ ಕೈಕೆಳಗೆ ದುಡಿಯಬೇಕು, ಉಳಿಯಲು ವ್ಯವಸ್ಥೆ ಇದೆಯೇ, ಪಿಎಫ್ ಇದೆಯೇ ಎಂದು ಕೇಳಿ. ಹುಡುಗಿಯರು ಶೌಚಾಲಯದ ಬಗ್ಗೆ, ರಾತ್ರಿ ಕಾಂಕ್ರೀಟ್ ಇದ್ದಾಗ ವಾಹನದ ಬಗ್ಗೆ ಸಂಕೋಚವಿಲ್ಲದೆ ವಿಚಾರಿಸಿ. ಅಂಕಪಟ್ಟಿಯ ಮೂಲಪ್ರತಿ ತೋರಿಸಿ, ಅಲ್ಲೇ ವಾಪಸ್ ಪಡೆಯಿರಿ. ಜೆರಾಕ್ಸ್ ಮಾತ್ರ ಕೊಟ್ಟುಬನ್ನಿ. ಡೆಪಾಸಿಟ್ ಎಂದು ಹಣ ಕೇಳಿದರೆ ಎದ್ದು ಬಂದುಬಿಡಿ.