ಬಿಸಿಲುಮಚ್ಚು ಅಟ್ಟವಾದ ಬಗೆ

ಡಚ್ಚರು ಅಟ್ಟಕ್ಕೆ ‘ಝೊಲ್ಡರ್’ ಎನ್ನುತ್ತಾರೆ. ಅದರ ಮೂಲ ಲ್ಯಾಟಿನ್ನಿನ ‘ಸೋಲಾರಿಯುಮ್’ ಎಂದು ನಿಘಂಟಿನಲ್ಲಿ ಓದಿದಾಗ ನನಗೆ ತಟ್ಟನೆ ಒಪ್ಪಿಗೆಯಾಗಲಿಲ್ಲ. ‘ಸೋಲ್’ ಎಂದರೆ ಸೂರ್ಯ. ರೋಮನ್ನರ ಸೋಲಾರಿಯುಮ್ ಬಿಸಿಲಿಗೆ ತೆರೆದುಕೊಂಡ ಮಾಳಿಗೆ, ಅಂದರೆ ನಮ್ಮ ಹಿರಿಯರ ಬಿಸಿಲುಮಚ್ಚು. ಝೊಲ್ಡರ್ ಆದರೋ ಇಳಿಜಾರು ಮಾಡಿನ ಅಡಿಯ ಮಬ್ಬು ಜಾಗ.

ಅರ್ಥಗಳು ಹೊಂದದಿರುವಾಗ ನಾನು ಮೊದಲು ಧ್ವನಿಯನ್ನು ಪರೀಕ್ಷಿಸುತ್ತೇನೆ, ಏಕೆಂದರೆ ಅರ್ಥಕ್ಕೆ ಕಥೆ ಕಟ್ಟುವುದು ಸುಲಭ, ಧ್ವನಿಗೆ ಕಷ್ಟ. 1864ರಲ್ಲಿ ಮೊದಲ ಕಂತು ಹೊರಬಂದು 1998ರಲ್ಲಿ ಪೂರ್ಣಗೊಂಡ ಡಚ್ಚಿನ ಬೃಹತ್ ಐತಿಹಾಸಿಕ ನಿಘಂಟು ಈಗ ಅಂತರ್ಜಾಲದಲ್ಲಿಯೇ ಸಿಗುವುದರಿಂದ ಹಳೆಯ ರೂಪಗಳನ್ನು ಹುಡುಕುವ ಕೆಲಸ ಹಗುರವಾಗಿದೆ. ಮಧ್ಯಕಾಲದ ರೂಪ ‘ಸೊಲ್ರೆ’. ಲಕಾರ, ರಕಾರಗಳು ಒತ್ತಿಕೊಂಡಲ್ಲಿ ನಡುವೆ ಡಕಾರ ನುಸುಳಿತು. ಪದದ ಮೊದಲಲ್ಲಿ ಸ್ವರದ ಹಿಂದಿದ್ದ ಸಕಾರ ಝಕಾರವಾಯಿತು.

ಆದರೆ ಒಂದೇ ಪದದ ಸಾಕ್ಷ್ಯವನ್ನು ನಂಬಬಾರದು. ಅದೇ ದಾರಿಯಲ್ಲಿ ನಡೆದ ಇನ್ನೊಂದು ಪದ ಬೇಕು. ಅದು ಸಿಕ್ಕಿದ್ದು ನೆಲಮಾಳಿಗೆಯಲ್ಲಿ. ಉಗ್ರಾಣವೆಂಬ ಅರ್ಥದ ‘ಕೆಲ್ಲಾರಿಯುಮ್’ ಮೊದಲು ‘ಕೆಲ್ರೆ’ಯಾಗಿ, ಬಳಿಕ ಅದೇ ಡಕಾರವನ್ನು ಪಡೆದು ನೆಲಮಾಳಿಗೆ ಎಂಬ ಅರ್ಥದ ‘ಕೆಲ್ಡರ್’ ಆಯಿತು. ಇಲ್ಲಿನ ಕಕಾರವಂತೂ ಕಾಲವನ್ನೇ ಹೇಳಿಬಿಡುತ್ತದೆ: ಮುಂದೆ ಸಕಾರವಾದ ಲ್ಯಾಟಿನ್ನಿನ ‘c’ ಅಕ್ಷರವನ್ನು ಇನ್ನೂ ಕಕಾರವಾಗಿಯೇ ಉಚ್ಚರಿಸುತ್ತಿದ್ದ ಕಾಲದಲ್ಲಿ ಈ ಪದ ಉತ್ತರಕ್ಕೆ ಬಂದಿತ್ತು. ಅದೇ ಕುಟುಂಬದ, ಸನ್ಯಾಸಿಯ ಕೋಣೆಗೂ ಸೆರೆಮನೆಯ ಕೋಣೆಗೂ ಸಲ್ಲುವ ‘ಸೆಲ್’ ತಡವಾಗಿ ಬಂದದ್ದರಿಂದ ಸಕಾರವನ್ನು ಹೊತ್ತು ತಂದಿದೆ.

ಧ್ವನಿ ಗಟ್ಟಿಯಾದ ಮೇಲೆ ಅರ್ಥವನ್ನು ಕಟ್ಟಡಗಳಲ್ಲಿ ಹುಡುಕಿದೆ. ಮಧ್ಯಕಾಲದ ಲ್ಯಾಟಿನ್ನಿನಲ್ಲಿಯೇ ಸೋಲಾರಿಯುಮ್ ಎಂದರೆ ಮೇಲಂತಸ್ತಿನ ಕೋಣೆ ಎಂಬ ಅರ್ಥ ಬಳಕೆಗೆ ಬಂದಿತ್ತು. ಮಳೆ ಹೆಚ್ಚಿರುವ ಉತ್ತರದ ಸೀಮೆಯಲ್ಲಿ ಸಮತಟ್ಟಾದ ಬಿಸಿಲುಮಚ್ಚು ನಿಲ್ಲದು. ಉಳಿದದ್ದು ‘ಎಲ್ಲಕ್ಕಿಂತ ಮೇಲಿನದು’ ಎಂಬ ಭಾವ ಮಾತ್ರ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ ಬದಿಯ ಹಳೆಯ ವರ್ತಕರ ಮನೆಗಳ ನೆತ್ತಿಯಲ್ಲಿ, ಕೊಕ್ಕೆ ಸಿಕ್ಕಿಸಿದ ತೊಲೆ ಬೀದಿಯತ್ತ ಚಾಚಿಕೊಂಡಿರುವುದನ್ನು ಇಂದಿಗೂ ಕಾಣಬಹುದು. ತಗ್ಗಿನ ಒದ್ದೆ ನೆಲದಿಂದ ಸರಕನ್ನು ದೂರವಿಡಲು ಅದನ್ನು ರಾಟೆಯಿಂದ ಝೊಲ್ಡರಿಗೆ ಎಳೆದುಕೊಳ್ಳುತ್ತಿದ್ದರು. ಹೀಗೆ ಸೂರ್ಯನ ಹೆಸರಿನ ಜಾಗ ಸರಕಿನ ಗೋದಾಮಾಯಿತು.

ಇಂದಿನ ಡಚ್ಚಿನಲ್ಲಿ ‘ಸೋಲಾರಿಯುಮ್’ ಎಂಬ ಪದವೂ ಬೇರೆಯಾಗಿಯೇ ಇದೆ: ಕೃತಕ ಬೆಳಕಿನಲ್ಲಿ ಮೈಬಣ್ಣವನ್ನು ಕಂದಾಗಿಸಿಕೊಳ್ಳಲು ಹಣ ತೆತ್ತು ಮಲಗುವ ಜಾಗ. ಲ್ಯಾಟಿನ್ ಪುಸ್ತಕದಿಂದ ನೇರವಾಗಿ ಎತ್ತಿಕೊಂಡ ಈ ತಡವಾದ ಎರವಲಿಗೆ ಝಕಾರವೂ ಅಂಟಿಲ್ಲ, ಡಕಾರವೂ ನುಸುಳಿಲ್ಲ.