ಕ್ಲೌಡ್‌ನಿಂದ ಫೋಟೋ ಇಳಿಸುವಾಗ ಗುಣಮಟ್ಟ ಮತ್ತು ಮೆಟಾಡೇಟಾ ಉಳಿಸಿಕೊಳ್ಳುವ ಬಗೆ

ಕ್ಲೌಡ್‌ನಿಂದ ಇಳಿಸಿಕೊಂಡ ಫೋಟೋ ಮಸುಕಾಗಿ ಕಂಡರೆ, ಡೌನ್‌ಲೋಡನ್ನು ದೂರುವ ಮೊದಲು ಅದನ್ನು ಏರಿಸಿದಾಗ ಯಾವ ಸೆಟ್ಟಿಂಗ್ ಇತ್ತೆಂದು ನೋಡಬೇಕು. ಗೂಗಲ್ ಫೋಟೋಸ್‌ನ ‘ಸ್ಟೋರೇಜ್ ಸೇವರ್’ ಆಯ್ಕೆ ಚಿತ್ರಗಳನ್ನು ಕುಗ್ಗಿಸಿಯೇ ಇಡುತ್ತದೆ; 16 ಮೆಗಾಪಿಕ್ಸೆಲ್ ಮೀರಿದವು ಆ ಅಳತೆಗೆ ಇಳಿಯುತ್ತವೆ. ಹಾಗೆ ಹೋದ ವಿವರ ಯಾವ ದಾರಿಯಲ್ಲಿ ಇಳಿಸಿಕೊಂಡರೂ ಮರಳುವುದಿಲ್ಲ. ಹಳೆಯ ಫೋನಿನಲ್ಲೋ ಮೆಮೊರಿ ಕಾರ್ಡಿನಲ್ಲೋ ಮೂಲ ಕಡತ ಉಳಿದಿದೆಯೇ ಎಂದು ಹುಡುಕುವುದೊಂದೇ ಉಪಾಯ.

ಐಫೋನ್ ಬಳಸುವವರು ಬೇರೊಂದು ವಿಷಯವನ್ನು ಗಮನಿಸಬೇಕು. ‘ಆಪ್ಟಿಮೈಸ್ ಐಫೋನ್ ಸ್ಟೋರೇಜ್’ ಚಾಲೂ ಇದ್ದರೆ ಫೋನಿನಲ್ಲಿ ಚಿತ್ರದ ಚಿಕ್ಕ ರೂಪವಷ್ಟೇ ಇರಬಹುದು, ಮೂಲವು ಐಕ್ಲೌಡ್‌ನಲ್ಲಿರುತ್ತದೆ. ಆದ್ದರಿಂದ ಐಕ್ಲೌಡ್ ಜಾಲತಾಣದಿಂದಲೇ, ‘ಅನ್‌ಮಾಡಿಫೈಡ್ ಒರಿಜಿನಲ್’ ಆಯ್ಕೆಯಲ್ಲಿ ಇಳಿಸಿಕೊಳ್ಳುವುದು ಒಳ್ಳೆಯದು; ಆದರೆ ನೀವು ಮಾಡಿದ ತಿದ್ದುಪಡಿಗಳು ಅದರಲ್ಲಿ ಇರುವುದಿಲ್ಲ.

ಮೆಟಾಡೇಟಾದ, ಎಂದರೆ ಚಿತ್ರ ತೆಗೆದ ದಿನಾಂಕ, ಸ್ಥಳದಂಥ ಮಾಹಿತಿಯ ಕಥೆ ಇಷ್ಟು ನಿರಾಶಾದಾಯಕವಲ್ಲ. ಇಳಿಸಿದ ಕಡತದ ಪಕ್ಕದಲ್ಲಿ ಇಂದಿನ ದಿನಾಂಕ ಕಂಡು ಗಾಬರಿಯಾಗುವವರು ಬಹಳ. ಆದರೆ ಅದು ಕಂಪ್ಯೂಟರ್ ಆ ಕಡತಕ್ಕೆ ಕೊಟ್ಟ ದಿನಾಂಕ, ಚಿತ್ರ ತೆಗೆದ ಸಮಯವು ಕಡತದ ಒಳಗಿನ ಎಕ್ಸಿಫ್ ಭಾಗದಲ್ಲಿ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ನಿಜವಾದ ತೊಡಕಿರುವುದು ಗೂಗಲ್‌ನಲ್ಲಿರುವ ನಿಮ್ಮ ಕಡತಗಳನ್ನು ಒಟ್ಟಿಗೆ ಇಳಿಸಿಕೊಡುವ ಸೇವೆಯಾದ ಗೂಗಲ್ ಟೇಕ್‌ಔಟ್‌ನಲ್ಲಿ. ಸ್ಕ್ಯಾನ್ ಮಾಡಿದ ಹಳೆಯ ಫೋಟೋಗಳಿಗೆ ನೀವು ಆ್ಯಪ್‌ನಲ್ಲಿ ಕುಳಿತು ಕೊಟ್ಟ ದಿನಾಂಕ, ಸ್ಥಳ, ವಿವರಣೆಗಳು ಚಿತ್ರದೊಳಗೆ ಸೇರದೆ, ಜೊತೆಯಲ್ಲಿ ಬರುವ ಜೇಸನ್ (.json) ಎಂಬ ಪಠ್ಯ ಕಡತದಲ್ಲಿ ಉಳಿಯುತ್ತವೆ. ಬೇಡದ ಕಸವೆಂದು ಆ ಕಡತಗಳನ್ನು ಅಳಿಸಿದರೆ ಅಷ್ಟೂ ಶ್ರಮ ಹೋದಂತೆ. ಟೇಕ್‌ಔಟ್ ಕಳಿಸುವ ಜಿಪ್ ಕಟ್ಟುಗಳಲ್ಲಿ ಚಿತ್ರ ಒಂದು ಜಿಪ್‌ನಲ್ಲಿ, ಅದರ ಜೇಸನ್ ಇನ್ನೊಂದರಲ್ಲಿ ಬರುವುದೂ ಉಂಟಾದ್ದರಿಂದ, ಎಲ್ಲ ಜಿಪ್‌ಗಳನ್ನೂ ಒಂದೇ ಫೋಲ್ಡರಿನಲ್ಲಿ ಬಿಚ್ಚಿ, ಅದರ ಒಂದು ನಕಲನ್ನು ಬೇರೆಡೆ ಇಟ್ಟುಕೊಂಡು, ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದಿಂದ ಜೇಸನ್‌ನ ಮಾಹಿತಿಯನ್ನು ಚಿತ್ರಕ್ಕೆ ಬರೆಸಬೇಕು. ಜೇಸನ್‌ನಲ್ಲಿರುವ ಸಮಯ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿ, ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದಲ್ಲಿರುತ್ತದೆ. ಸ್ಥಳೀಯ ಸಮಯಕ್ಕೆ ಹೊಂದಿಸದಿದ್ದರೆ ರಾತ್ರಿಯ ಚಿತ್ರ ಹಗಲಿನದಾಗಿ ದಾಖಲಾಗಬಹುದು. ಹೆಸರು ಉದ್ದವಿರುವ ಕಡತಗಳಲ್ಲಿ ಜೇಸನ್‌ನ ಹೆಸರು ಮೊಟಕಾಗಿ ಜೋಡಿ ತಪ್ಪುತ್ತದೆ, ಅಂಥವನ್ನು ಕೈಯಾರೆ ಹೊಂದಿಸಬೇಕು.

ಇಳಿಸಿದ ಚಿತ್ರಗಳನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿ ಸಾಗಿಸಬೇಡಿ. ಅದು ಚಿತ್ರವನ್ನೂ ಕುಗ್ಗಿಸುತ್ತದೆ, ಎಕ್ಸಿಫ್ಅನ್ನೂ ತೆಗೆದುಹಾಕುತ್ತದೆ. ಕ್ಲೌಡ್‌ನ ಪ್ರತಿಯನ್ನು ಅಳಿಸುವ ಮುನ್ನ, ನೀವೇ ದಿನಾಂಕ ತಿದ್ದಿದ ಕೆಲವು ಚಿತ್ರಗಳನ್ನು ತೆರೆದು, ಪಿಕ್ಸೆಲ್ ಅಳತೆಯನ್ನೂ ಎಕ್ಸಿಫ್ ದಿನಾಂಕವನ್ನೂ ಕ್ಲೌಡ್‌ನಲ್ಲಿ ಕಾಣುವುದರೊಡನೆ ಹೋಲಿಸಿ ನೋಡಿ.