ಚಿಕ್ಕ ನಾಯಿ ಸಾಕಿದ್ದೀರಾ? ದಿನಾ ಹತ್ತು ನಿಮಿಷ ಕೈಯಾಡಿಸಿ

ನಮ್ಮ ಮನೆಯ ಪುಟ್ಟಿಗೆ ಜ್ವರ ಬಂದದ್ದು ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ. ಎರಡು ದಿನ ಊಟ ಬಿಟ್ಟಳು. ಪಟಾಕಿಗೆ ಹೆದರಿರಬೇಕು ಅಂತ ನಾವೇ ಸಮಾಧಾನ ಮಾಡಿಕೊಂಡೆವು. ಮೂರನೇ ದಿನ ನೋಡಿದರೆ ಒಸಡು ಬಿಳಿಚಿಕೊಂಡಿತ್ತು. ಡಾಕ್ಟರು ಕಿವಿಯ ಹಿಂದಿನ ಕೂದಲು ಬಿಡಿಸಿ, "ಇಲ್ಲಿ ನೋಡಿ" ಅಂದರು. ಹುರುಳಿ ಕಾಳಿನಷ್ಟು ಊದಿದ ಉಣುಗು. ಒಂದಲ್ಲ, ಏಳು. ದಿನಾ ತೊಡೆ ಮೇಲೆ ಕೂರಿಸಿಕೊಂಡು ಟಿವಿ ನೋಡುತ್ತಿದ್ದವರು ನಾವು, ಬಂದವರೆಲ್ಲ ತಲೆ ಸವರಿ ಹೋಗುತ್ತಿದ್ದರು, ಆದರೆ ಆ ದಟ್ಟ ಕೂದಲಿನೊಳಗೆ ಬೆರಳು ಇಳಿಸಿ ನೋಡಿದವರು ಒಬ್ಬರೂ ಇರಲಿಲ್ಲ.

ನಾಲ್ಕು ವಾರ ಮಾತ್ರೆ ನುಂಗಿಸಿದ ಮೇಲೆ ಹುಷಾರಾದಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಮುದ್ದು ಮಾಡುವ ರೀತಿಯೇ ಬದಲಾಗಿದೆ. ಸವರುವ ಕೈ ಸುಮ್ನೆ ಸವರುವುದಿಲ್ಲ, ಹುಡುಕುತ್ತದೆ. ಪುಟ್ಟಿಗೆ ವ್ಯತ್ಯಾಸ ಗೊತ್ತಿಲ್ಲ. ಅವಳಿಗೆ ಎರಡೂ ಮುದ್ದೇ.

ಚಿಕ್ಕಮಗಳೂರಿನಲ್ಲಿ ಈಗ ಯಾವ ಬಡಾವಣೆಗೆ ಹೋದರೂ ಗೇಟಿನ ಸಂದಿಯಿಂದ ಚಿಕ್ಕದೊಂದು ಮೂತಿ ಇಣುಕುತ್ತದೆ. ಪಗ್, ಶಿಟ್ಜು, ಡ್ಯಾಶ್‌ಹೌಂಡ್, ಮತ್ತೆ ನಾವೆಲ್ಲ ಪಮೇರಿಯನ್ ಅಂತ ಕರೆಯುವ ಬಿಳಿ ನಾಯಿ. ಅವುಗಳಲ್ಲಿ ಹೆಚ್ಚಿನವು ನಿಜಕ್ಕೂ ಇಂಡಿಯನ್ ಸ್ಪಿಟ್ಜ್, ನಮ್ಮ ಪುಟ್ಟಿಯೂ ಅದೇ. ತೋಟದ ಕಾವಲಿಗೆ ದೊಡ್ಡ ನಾಯಿ ಸಾಕಿ ಅಭ್ಯಾಸ ಇರುವವರು ಇವನ್ನೂ ಹಾಗೇ ಸಾಕಲು ಹೋಗುತ್ತಾರೆ. ಆದರೆ 5 ಕೆಜಿ ತೂಗುವ ಮೈಯಲ್ಲಿ ತಪ್ಪಿಗೆ ಜಾಗ ಕಡಿಮೆ. ದೊಡ್ಡ ನಾಯಿ ಒಂದು ದಿನದ ವಾಂತಿ ಭೇದಿಯನ್ನು ತಡೆದುಕೊಂಡೀತು, ಇವು ಸಂಜೆಯೊಳಗೆ ಬಸವಳಿದು ಹೋಗುತ್ತವೆ.

ಬೆಳಿಗ್ಗೆ: ಮೊದಲು ನೋಡಿ, ಆಮೇಲೆ ಮಾತಾಡಿಸಿ

ನಾಯಿ ಎದ್ದು ಮೈಮುರಿದು ನಾಲ್ಕು ಹೆಜ್ಜೆ ನಡೆಯುವುದನ್ನು ದಿನಾ ಗಮನಿಸಿ. ಚಿಕ್ಕ ತಳಿಗಳಲ್ಲಿ ಹಿಂಗಾಲಿನ ಮಂಡಿಚಿಪ್ಪು ಜಾರುವ ತೊಂದರೆ ಸಾಮಾನ್ಯ. ಓಡುತ್ತಾ ಓಡುತ್ತಾ ಒಂದು ಹಿಂಗಾಲು ಎತ್ತಿ ಎರಡು ಹೆಜ್ಜೆ ಕುಂಟಿ, ಏನೂ ಆಗದ ಹಾಗೆ ಮತ್ತೆ ಓಡಿದರೆ ಅದು ತಮಾಷೆ ಅಲ್ಲ, ಡಾಕ್ಟರಿಗೆ ತೋರಿಸಬೇಕಾದ ವಿಷಯ.

ಆಮೇಲೆ ತುಟಿ ಸ್ವಲ್ಪ ಎತ್ತಿ ಒಸಡು ನೋಡಿ. ತಿಳಿ ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. (ಕೆಲವು ನಾಯಿಗಳ ಒಸಡು ಹುಟ್ಟಾ ಕಪ್ಪು. ಅಂಥವುಗಳ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡಿ.) ಕಣ್ಣಿನ ಪಿಸುರನ್ನು ಕಾಯಿಸಿ ಆರಿಸಿದ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಒಂದೊಂದು ಕಣ್ಣಿಗೆ ಬೇರೆ ಬೇರೆ ಹತ್ತಿ. ಪಗ್ ಇದ್ದವರು ಮುಖದ ಮಡಿಕೆಗಳನ್ನು ಒರೆಸಿ ಒಣಗಿಸಬೇಕು. ಇದನ್ನು ಮರೆತರೆ ಮಳೆಗಾಲದಲ್ಲಿ ಮೂಗಿನ ಮೇಲಿಂದಲೇ ಮುಗ್ಗಲು ವಾಸನೆ ಶುರುವಾಗುತ್ತದೆ.

ಕಕ್ಕ ನೋಡುವುದಕ್ಕೆ ಮುಖ ಸಿಂಡರಿಸಬೇಡಿ. ನಾಯಿಯ ಆರೋಗ್ಯದ ಅರ್ಧ ಸುದ್ದಿ ಅಲ್ಲೇ ಇದೆ. ಗಟ್ಟಿ ಇದೆಯಾ, ಲೋಳೆ ಇದೆಯಾ, ಅಕ್ಕಿ ಕಾಳಿನಂಥ ಬಿಳಿ ತುಣುಕು ಕಾಣುತ್ತಿದೆಯಾ? ಹಾಗೆ ಕಂಡರೆ ಅದು ಲಾಡಿಹುಳು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಕಾಯಬೇಡಿ, ಅವತ್ತೇ ಹೊರಡಿ. ಉಣುಗಿನ ಜ್ವರದಲ್ಲಿ ಒಂದು ಬಗೆ ಹಾಗೆ ತೋರಿಸಿಕೊಳ್ಳುತ್ತದೆ.

ವಾಕಿಂಗ್: ಕುತ್ತಿಗೆ ಬಿಡಿ, ಎದೆ ಹಿಡಿಯಿರಿ

ಚಿಕ್ಕ ನಾಯಿಗೆ ಕುತ್ತಿಗೆ ಬೆಲ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಇವುಗಳ ಶ್ವಾಸನಾಳ ನಾಜೂಕು. ಜಗ್ಗಿದಾಗೆಲ್ಲ ಬಾತುಕೋಳಿಯ ಹಾಗೆ ಕೆಮ್ಮುವ ಪಮೇರಿಯನ್‌ಗಳನ್ನು ನೋಡಿರುತ್ತೀರಿ, ಅಲ್ವಾ? ಬೆಳಿಗ್ಗೆ 20 ನಿಮಿಷ, ಸಂಜೆ 20 ನಿಮಿಷ ಸಾಕು. ಆದರೆ ಆ 20 ನಿಮಿಷ ಅದರದ್ದು. ಒಂದು ಲೈಟ್ ಕಂಬವನ್ನು ಮೂರು ನಿಮಿಷ ಮೂಸಬೇಕು ಅಂದರೆ ಮೂಸಲಿ. ನಮಗೆ ಪೇಪರ್ ಇದ್ದ ಹಾಗೆ ಅದಕ್ಕೆ ಕಂಬ. ಫೋನು ನೋಡುತ್ತಾ ಎಳೆದುಕೊಂಡು ಹೋಗುವುದಾದರೆ ಒಬ್ಬರೇ ಹೋಗಿ ಬನ್ನಿ. ಪಗ್‌ನಂಥ ಚಪ್ಪಟೆ ಮೂತಿಯವುಗಳನ್ನು ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲೇರುವ ಮೊದಲೇ ಮನೆಗೆ ತಂದುಬಿಡಿ. ಅವಕ್ಕೆ ಮೈ ತಂಪು ಮಾಡಿಕೊಳ್ಳುವುದು ಕಷ್ಟ, ಬಿಸಿಲಿಗೆ ಜೀವವೇ ಹೋಗಬಹುದು.

ತೋಟದ ಪಕ್ಕ ಮನೆ ಇರುವವರಿಗೆ ಎರಡು ಮಾತು. ಬೋರ್ಡೋ (ಗಿಡಕ್ಕೆ ಸಿಂಪಡಿಸುವ ಮೈಲುತುತ್ತದ ದ್ರಾವಣ) ಹೊಡೆಯುವ ದಿನಗಳಲ್ಲಿ ನಾಯಿಯನ್ನು ತೋಟಕ್ಕೆ ಬಿಡಬೇಡಿ. ಮೈಲುತುತ್ತ ಕಲಸಿದ ಡ್ರಮ್ಮಿನ ಬುಡದಲ್ಲಿ ನಿಂತ ನೀರು ನೆಕ್ಕಿದರೂ ಅಪಾಯ. ಮತ್ತೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಮನೆಯೊಳಗಿರಬೇಕು. ಚಿರತೆಗೆ ನಾಯಿ ಅಂದರೆ ಎಷ್ಟು ಇಷ್ಟ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಳೆಗಾಲದಲ್ಲಿ ವಾಪಸ್ ಬಂದ ಮೇಲೆ ಬೆರಳ ಸಂದಿಯಲ್ಲಿ ಇಂಬಳ ನೋಡಿ. ಚಿಟಿಕೆ ಉಪ್ಪು ಹಾಕಿದರೆ ಬಿಡುತ್ತದೆ. ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಸೋರುತ್ತದೆ. ಇಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ, ಹೆದರಬೇಡಿ. ಬಟ್ಟೆ ಒತ್ತಿ ಹಿಡಿದರೆ ನಿಲ್ಲುತ್ತದೆ. ಹಳ್ಳದ ನೀರು ಕುಡಿದ ನಾಯಿಯ ಮೂಗಿನೊಳಗೇ ಇಂಬಳ ಹೋಗಿ ಕೂರುವುದುಂಟು. ಒಂದೇ ಹೊಳ್ಳೆಯಿಂದ ರಕ್ತ, ಬಿಡದ ಸೀನು ಇದ್ದರೆ ಮನೆಯಲ್ಲಿ ಉಪ್ಪು, ನಶ್ಯ ಅಂತ ಪ್ರಯೋಗ ಮಾಡದೆ ಡಾಕ್ಟರ ಹತ್ತಿರ ಹೋಗಿ. ಒದ್ದೆ ಮೈಯನ್ನು ಬುಡದವರೆಗೂ ಒಣಗಿಸಿ. ಬಚ್ಚಲ ಒಲೆಯ ಮುಂದೆ ಅದು ತಾನಾಗೇ ಹೋಗಿ ಮಲಗಿದರೆ ನಿಮ್ಮ ಅರ್ಧ ಕೆಲಸ ಆಯಿತು.

ಊಟ: ನಮ್ಮ ತಟ್ಟೆಯದ್ದು ಬೇಡ

5 ಕೆಜಿ ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 350 ರಿಂದ 400 ಕ್ಯಾಲೊರಿ ಸಾಕು. ಅಜ್ಜಿ ಒಂದು, ಮೊಮ್ಮಗ ಎರಡು, ಹಾಲು ತಂದವರು ಒಂದು ಅಂತ ಹಾಕಿದ ಹತ್ತು ಗ್ಲೂಕೋಸ್ ಬಿಸ್ಕತ್ತು ಸೇರಿದರೆ ಅದರಲ್ಲಿ ಅರ್ಧ ಹೋಯಿತು. ಆಮೇಲೆ "ನಮ್ಮದು ಊಟವೇ ಮಾಡಲ್ಲ" ಅಂತ ಡಾಕ್ಟರ ಹತ್ತಿರ ದೂರು! ಪಕ್ಕೆ ಮೇಲೆ ಕೈಯಿಟ್ಟು ನೋಡಿ. ಒತ್ತದೆಯೇ ಎಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ಹುಡುಕಿದರೂ ಸಿಗದಿದ್ದರೆ ಬಿಸ್ಕತ್ತಿನ ಡಬ್ಬಿ ಮೇಲಿನ ಶೆಲ್ಫಿಗೆ ಹೋಗಲಿ.

ಹೊತ್ತು ಹೊತ್ತಿಗೆ ಎರಡು ಊಟ. ಮರಿಗಳಿಗೆ ಮೂರು ನಾಲ್ಕು, ತೀರಾ ಚಿಕ್ಕ ತಳಿಯ ಮರಿಗಳು ಒಂದು ಹೊತ್ತು ಊಟ ತಪ್ಪಿದರೂ ರಕ್ತದ ಸಕ್ಕರೆ ಇಳಿದು ತೂರಾಡಬಹುದು. ಮನೆ ಊಟ ಹಾಕುವವರು ಉಪ್ಪು, ಖಾರ, ಒಗ್ಗರಣೆ ಇಲ್ಲದ ಕೋಳಿ ಅಥವಾ ಮೊಟ್ಟೆ, ಅನ್ನ, ಕ್ಯಾರೆಟ್, ಕುಂಬಳ ಬೇಯಿಸಿ ಹಾಕಬಹುದು. ಆದರೆ ವರ್ಷಗಟ್ಟಲೆ ಇದೇ ಆದರೆ ಕ್ಯಾಲ್ಸಿಯಂ ಸಾಲುವುದಿಲ್ಲ. ಏನು ಸೇರಿಸಬೇಕು ಅಂತ ಡಾಕ್ಟರನ್ನು ಕೇಳಿ. ಬರೀ ಹಾಲನ್ನ ಮಾತ್ರ ಊಟ ಅಲ್ಲ, ಎಷ್ಟೋ ನಾಯಿಗಳಿಗೆ ಹಾಲು ಅರಗುವುದೂ ಇಲ್ಲ.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತವೆ. ಹಾಗಾಗಿ ಸಾರು ಕಲಸಿದ ಅನ್ನ, ಬಾಡೂಟ ಮಾಡಿದ ದಿನದ ಗ್ರೇವಿ, ಎರಡೂ ಬೇಡ. ಬೆಂದ ಕೋಳಿ ಮೂಳೆ ಸೀಳಿಕೊಂಡು ಕರುಳಿಗೆ ಚುಚ್ಚುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕುತ್ತು, ಪಾಯಸದ ಲೋಟ ನೆಕ್ಕಿಸುವ ಮೊದಲು ಇದು ನೆನಪಿರಲಿ. ಚಾಕೊಲೇಟ್ ಬೇಡ ಅನ್ನುವುದು ಈಗ ಮಕ್ಕಳಿಗೂ ಗೊತ್ತು. ಆದರೆ ಕಾಫಿ ಊರಿನ ನಾವು ಮರೆಯುವುದು ಕಾಫಿಯನ್ನೇ. ಕೆಫೀನು ನಾಯಿಯ ಎದೆಬಡಿತ ಏರಿಸಿ, ನಡುಕ, ಫಿಟ್ಸ್ ತನಕ ತರುತ್ತದೆ, ಮೈ ಚಿಕ್ಕದಾದಷ್ಟು ಸಾಕಾಗುವ ಪ್ರಮಾಣವೂ ಚಿಕ್ಕದು. ಫಿಲ್ಟರಿನ ಚರಟವನ್ನು ಗಿಡದ ಬುಡಕ್ಕೆ ಸುರಿಯುವ ಅಭ್ಯಾಸ ಇದ್ದರೆ ಮೇಲೆ ಮಣ್ಣು ಎಳೆಯಿರಿ. ಕೊಯ್ಲಿನ ಕಾಲದಲ್ಲಿ ಕಣದ ಮೇಲೆ ಹರಡಿದ ಹಣ್ಣು ಸಿಹಿ ವಾಸನೆ ಬರುತ್ತದೆ, ಮರಿಗಳು ಬಾಯಿ ಹಾಕುತ್ತವೆ. ಕಣದ ಕಡೆ ಬಿಡಲೇಬೇಡಿ.

ಜ್ವರ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್ ಕೊಡುವವರು ಇನ್ನೂ ಇದ್ದಾರೆ. ದಯವಿಟ್ಟು ಬೇಡ. ನಾಯಿಯ ಮೈ ಬಿಸಿ ಇರುವುದೇ ಹಾಗೆ, 101 ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲು.

ಸಂಜೆ: ಹತ್ತು ನಿಮಿಷದ ಕೈಯಾಟ

ಈ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ದಿನಾ ಒಂದೇ ಹೊತ್ತು, ಒಂದೇ ಜಾಗ, ಕೆಳಗೊಂದು ಹಳೇ ಬೆಡ್‌ಶೀಟು. ಬಿಳಿ ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು, ಉದುರಿದ ಕಪ್ಪು ಪುಡಿ ಕಾಣುತ್ತದೆ. ಆ ಪುಡಿಯನ್ನು ಒದ್ದೆ ಹತ್ತಿಗೆ ಒತ್ತಿದಾಗ ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ.

ಮೂಗಿನಿಂದ ಶುರು ಮಾಡಿ ಬಾಲದ ಕಡೆ ಬನ್ನಿ. ಕೂದಲಿನ ದಿಕ್ಕಿಗೆ ಎದುರಾಗಿ, ಬೆರಳ ತುದಿ ಚರ್ಮಕ್ಕೆ ತಾಗುವ ಹಾಗೆ. ಉಣುಗಿಗೆ ಇಷ್ಟದ ಜಾಗಗಳು ಇವೆ: ಕಿವಿಯ ಒಳಗೆ ಹಿಂದೆ, ಬೆಲ್ಟಿನ ಅಡಿ, ಮುಂಗಾಲಿನ ಕಂಕುಳು, ತೊಡೆಸಂದಿ, ಬಾಲದ ಬುಡ, ಕಾಲ್ಬೆರಳ ನಡುವೆ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ, ನಿಧಾನ ಎಳೆಯಿರಿ. ಸೀಮೆಎಣ್ಣೆ ಹಚ್ಚುವುದು, ಊದುಬತ್ತಿ ತಾಗಿಸುವುದು ಬೇಡ. ಉಗುರಿನಲ್ಲಿ ಕುಕ್ಕಿ ಒಡೆಯುವುದಂತೂ ಬೇಡವೇ ಬೇಡ. ಸ್ಪಿರಿಟ್ ಹಾಕಿದ ಡಬ್ಬಿಗೆ ಹಾಕಿ ಮುಚ್ಚಿ, ಕೈ ಸೋಪಿನಲ್ಲಿ ತೊಳೆಯಿರಿ. ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದು ಅನ್ನುವುದನ್ನು ಮಲೆನಾಡಿನವರು ಮರೆಯುವ ಹಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ರೋಗ ಅದು, ನಮ್ಮ ಕೊಪ್ಪ, ನರಸಿಂಹರಾಜಪುರದ ಕಡೆಗೂ ಬಂದಿದೆ. ಕಾಡಂಚಿಗೆ ಹೋಗಿ ಬಂದ ನಾಯಿಯ ಮೈಮೇಲೆ ಅಂಥ ಉಣುಗು ಮನೆಯೊಳಕ್ಕೆ ಬರಬಹುದು.

ಉಣುಗು ಹತ್ತದಂತೆ ಬೆನ್ನಿಗೆ ಹಾಕುವ ಹನಿ, ತಿನ್ನಿಸುವ ಮಾತ್ರೆ ಎರಡೂ ಸಿಗುತ್ತವೆ. ತೂಕ ನೋಡಿಯೇ ಹಾಕಬೇಕು. ಕೊಟ್ಟಿಗೆಯಲ್ಲಿ ಇರುವ ದನದ ಉಣುಗಿನ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಮೀಯಿಸಿದರೆ ಚಿಕ್ಕ ನಾಯಿ ವಿಷವೇರಿ ನಡುಗುತ್ತದೆ. ಮನೆಯಲ್ಲಿ ಬೆಕ್ಕು ಇದ್ದರೆ ಇನ್ನೊಂದು ಎಚ್ಚರ. ಪರ್ಮೆಥ್ರಿನ್ ಇರುವ ನಾಯಿ ಔಷಧಿ ಬೆಕ್ಕಿನ ಪ್ರಾಣ ತೆಗೆಯುತ್ತದೆ.

ಹುಡುಕುವ ಕೈಗೇ ಗಂಟು, ಗಾಯ, ಮುಟ್ಟಿದರೆ ಗುರ್ ಅನ್ನುವ ಜಾಗ ಎಲ್ಲ ಸಿಗುತ್ತದೆ. ಕಿವಿ ಮೂಸಿ ನೋಡಿ, ಹುಳಿ ವಾಸನೆ ಬಂದರೆ ಒಳಗೆ ಸೋಂಕಿದೆ. ಕಾಲು ಹಿಡಿದಾಗ ಉಗುರು ನೋಡಿ. ನೆಲದ ಮೇಲೆ ಟಿಕ್ ಟಿಕ್ ಸದ್ದು ಬಂದರೆ ಉದ್ದವಾಗಿದೆ ಅಂತ. ತುದಿ ಮಾತ್ರ ಕತ್ತರಿಸಿ. ರಕ್ತ ಬಂದರೆ ಮೈದಾ ಒತ್ತಿ ಹಿಡಿಯಿರಿ. ಮೊದಲ ದಿನವೇ ನಾಲ್ಕೂ ಕಾಲು ಮುಗಿಸುವ ಹಟ ಬೇಡ. ಒಂದು ಉಗುರು, ಒಂದು ತುಂಡು ಕೋಳಿ, ಸಾಕು.

ಹಲ್ಲೂ ಇದೇ ಹೊತ್ತಿನಲ್ಲಿ ಆಗಲಿ. ಚಿಕ್ಕ ಬಾಯಿಯಲ್ಲಿ ಹಲ್ಲುಗಳು ಇಕ್ಕಟ್ಟು, ಗಾರೆ ಬೇಗ ಕಟ್ಟುತ್ತದೆ. ಬೆರಳಿಗೆ ಒದ್ದೆ ಬಟ್ಟೆ ಸುತ್ತಿ ಹೊರಭಾಗ ಉಜ್ಜಿದರೂ ನಡೆಯುತ್ತದೆ. ನಮ್ಮ ಟೂತ್‌ಪೇಸ್ಟ್ ಮಾತ್ರ ಬೇಡ, ನಾಯಿ ಉಗುಳುವುದಿಲ್ಲ, ನುಂಗುತ್ತದೆ.

ಒಡನಾಟಕ್ಕೆ ಐದು ನಿಮಿಷ

ನಮ್ಮನೆಯಲ್ಲಿ ಪುಟ್ಟಿಯನ್ನು ಕೂರಿಸಲು ಅತ್ತೆ "ಕೂತ್ಕೋ" ಅನ್ನುತ್ತಿದ್ದರು, ಮಗ "ಸಿಟ್" ಅನ್ನುತ್ತಿದ್ದ, ನಾನು "ಸುಮ್ನಿರೇ" ಅನ್ನುತ್ತಿದ್ದೆ. ಅವಳು ಮೂವರ ಮುಖ ನೋಡಿ ಹೊರಗೆ ಹೋಗುತ್ತಿದ್ದಳು. ಮನೆಯವರೆಲ್ಲ ಸೇರಿ ಒಂದೊಂದು ಕೆಲಸಕ್ಕೆ ಒಂದೇ ಪದ ಅಂತ ಮಾಡಿಕೊಳ್ಳಿ. ಬಾ, ಕೂರು, ಬಿಡು, ಈ ಮೂರು ಸಾಕು. ದಿನಾ ಐದು ನಿಮಿಷ, ಸರಿ ಮಾಡಿದ ತಕ್ಷಣ ಚೂರು ತಿಂಡಿ.

ಯಾವಾಗಲೂ ಎತ್ತಿಕೊಂಡೇ ಇರಬೇಡಿ. ಬೇರೆ ನಾಯಿ ಕಂಡಾಗೆಲ್ಲ ಗಾಬರಿಯಿಂದ ಎತ್ತಿಕೊಂಡರೆ, ಹೆದರಬೇಕು ಅಂತ ನಾವೇ ಕಲಿಸಿದ ಹಾಗೆ. ಡ್ಯಾಶ್‌ಹೌಂಡ್ ಆದರೆ ಸೋಫಾದಿಂದ ಧುಮುಕಲು ಬಿಡಬೇಡಿ, ಉದ್ದ ಬೆನ್ನು, ಡಿಸ್ಕ್ ಜಾರುತ್ತದೆ.

ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಡಿ

ಮರಿಗೆ ಮೊದಲ ಲಸಿಕೆ 6 ರಿಂದ 8 ವಾರದಲ್ಲಿ, ಆಮೇಲೆ 16 ವಾರ ಆಗುವ ತನಕ ಮೂರು ನಾಲ್ಕು ವಾರಕ್ಕೊಂದು. ರೇಬಿಸ್ ಲಸಿಕೆ 3 ತಿಂಗಳಿಗೆ, ನಂತರ ವರ್ಷ ವರ್ಷ. ಸೆಪ್ಟೆಂಬರ್ 28 ರೇಬಿಸ್ ದಿನ, ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಅನೇಕ ಕಡೆ ಉಚಿತವಾಗಿ ಹಾಕುತ್ತಾರೆ. ಇಲಿ ಜ್ವರದ ಲಸಿಕೆಯನ್ನು ನಮ್ಮ ಕಡೆ ಬಿಡಲೇಬಾರದು. ಇಲಿ ಮೂತ್ರ ಸೇರಿದ ನೀರಿನಿಂದ ಬರುವ ಈ ರೋಗ ನಾಯಿಯಿಂದ ನಮಗೂ ದಾಟುತ್ತದೆ. ಬೆಳೆದ ನಾಯಿಗೆ ಜಂತಿನ ಮಾತ್ರೆ ಮೂರು ತಿಂಗಳಿಗೊಮ್ಮೆ. ಇಲ್ಲಿ ಆಗದ ದೊಡ್ಡ ತೊಂದರೆ ಇದ್ದರೆ ಚಿಕ್ಕಮಗಳೂರಿನಿಂದ ಬೇಲೂರು ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಹೋದರೆ ಹಾಸನದ ಪಶುವೈದ್ಯಕೀಯ ಕಾಲೇಜು ಇದೆ.

ರಾತ್ರಿ: ಉಸಿರು ಎಣಿಸಿ

ಇದು ವಯಸ್ಸಾದ ಚಿಕ್ಕ ನಾಯಿಗಳಿಗೆ ಮುಖ್ಯ, ಅವಕ್ಕೆ ಹೃದಯದ ಕವಾಟದ ತೊಂದರೆ ಜಾಸ್ತಿ. ಗಾಢ ನಿದ್ದೆಯಲ್ಲಿರುವಾಗ ಎದೆ ಎಷ್ಟು ಸಲ ಏರಿಳಿಯುತ್ತದೆ ಅಂತ ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. 30ರ ಒಳಗಿದ್ದರೆ ಸರಿ. ಎರಡು ಮೂರು ದಿನ 30 ದಾಟುತ್ತಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ನಾನು ವಾರಕ್ಕೆರಡು ಸಲ ಎಣಿಸುತ್ತೇನೆ. ಇಪ್ಪತ್ತರ ಹತ್ತಿರ ಬರುವಾಗ ಪುಟ್ಟಿ ಒಂದು ಕಣ್ಣು ತೆರೆದು, ಇವಳಿಗೇನು ಕೆಲಸ ಇಲ್ವಾ ಅನ್ನುವ ಹಾಗೆ ನೋಡಿ, ಮಗ್ಗುಲು ಬದಲಿಸುತ್ತಾಳೆ. ಮತ್ತೆ ಒಂದರಿಂದ ಶುರು.